ಘಾಟಿ ಇಳಿಯುವ ಲಾರಿಯ ಗಾಳಿ ಪೈಪು: ಸಾರಿಗೆ ಆಯುಕ್ತರಿಗೊಂದು ಬಹಿರಂಗ ಪತ್ರ

ಮಾನ್ಯ ಸಾರಿಗೆ ಆಯುಕ್ತರಿಗೆ,

ನಾನು ಸಕಲೇಶಪುರದಲ್ಲಿ ಲಾರಿಗಳ ಏರ್ ಬ್ರೇಕ್ ಕೆಲಸ ಮಾಡುವವನು. ಶಿರಾಡಿ ಘಾಟಿ ಇಳಿದು ಪಣಂಬೂರು ಬಂದರಿಗೆ ಹೋಗುವ ಗಾಡಿಗಳು, ಕಾಫಿ ಎಸ್ಟೇಟಿನ ಕಚ್ಚಾ ರಸ್ತೆಯಿಂದ ಮರ ಹೊತ್ತು ಬರುವ ಗಾಡಿಗಳು, ರಸ್ತೆ ಕಾಮಗಾರಿಗೆ ಜಲ್ಲಿ ಹೊಡೆಯುವ ಟಿಪ್ಪರ್‌ಗಳು ನಮ್ಮ ಗಿರಾಕಿಗಳು. ಇವುಗಳ ಕೆಳಗೆ ಮಲಗಿ ಕೆಲಸ ಮಾಡುವವರಿಗೆಲ್ಲ ಗೊತ್ತಿದ್ದೂ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ತಪಾಸಣೆ ಮಾಡುವವರ ಕಣ್ಣಿಗೆ ಬೀಳದ ಒಂದು ಸಂಗತಿಯನ್ನು ತಮ್ಮ ಗಮನಕ್ಕೆ ತರಬೇಕಿದೆ.

ಹನ್ನೆರಡು ಚಕ್ರದ ಲಾರಿಗಳಲ್ಲಿ ಲಿಫ್ಟ್ ಆಕ್ಸಲ್ ಇರುವುದು ತಮಗೆ ಗೊತ್ತೇ ಇದೆ. ಮಿಕ್ಕ ಆಕ್ಸಲ್‌ಗಳು ಕಮಾನು ಪಟ್ಟಿಯ ಮೇಲೆ ಕೂತಿದ್ದರೆ ಇದು ಮಾತ್ರ ಗಾಳಿ ತುಂಬಿದ ರಬ್ಬರ್ ಬಲೂನಿನ ಮೇಲೆ ನಿಂತಿರುತ್ತದೆ. ಒಂದು ಬಲೂನಿಗೆ ಗಾಳಿ ಹೋದರೆ ಆಕ್ಸಲ್ ಕೆಳಗಿಳಿದು ಭಾರ ಹೊರುತ್ತದೆ, ಇನ್ನೊಂದಕ್ಕೆ ಹೋದರೆ ಮೇಲೇಳುತ್ತದೆ. ಗಾಡಿ ಖಾಲಿ ಇದ್ದಾಗ ಎತ್ತಬೇಕು, ಲೋಡ್ ಆದಾಗ ಇಳಿಸಬೇಕು. ಹೆದ್ದಾರಿಯಲ್ಲಿ ಇದಕ್ಕೆ ಯಾರ ತಕರಾರೂ ಇಲ್ಲ.

ತಕರಾರು ಶುರುವಾಗುವುದು ಏರಿನಲ್ಲಿ. ಇಂಥ ಹೆಚ್ಚಿನ ಗಾಡಿಗಳಲ್ಲಿ ಎಂಜಿನ್ ತಿರುಗಿಸುವುದು ಹಿಂದಿನ ಒಂದೇ ಆಕ್ಸಲನ್ನು. ಮಳೆಗಾಲದಲ್ಲಿ ಎಸ್ಟೇಟಿನ ಕೆಮ್ಮಣ್ಣಿನ ಏರಿಗೆ ಬಂದಾಗ ಆ ಚಕ್ರಗಳು ನಿಂತಲ್ಲೇ ಗಿರಗಿರ ತಿರುಗುತ್ತವೆ. ಲಿಫ್ಟ್ ಆಕ್ಸಲನ್ನು ಒಂದು ನಿಮಿಷ ಮೇಲೆತ್ತಿದರೆ ಅದು ಹೊತ್ತ ಭಾರದಲ್ಲಿ ಒಂದು ಪಾಲು ತಿರುಗುವ ಚಕ್ರದ ಮೇಲೆ ಬಿದ್ದು ಟೈರು ನೆಲ ಹಿಡಿಯುತ್ತದೆ, ಗಾಡಿ ಹತ್ತುತ್ತದೆ. ಇದರಲ್ಲಿ ಕಳ್ಳತನವೇನೂ ಇಲ್ಲ. ಏರಿನಲ್ಲಿ ದುಡಿಯುವವನಿಗೆ ಇದು ನಿಜವಾಗಿ ಬೇಕಾದ ಅನುಕೂಲ. ಆದರೆ ಲೋಡ್ ಇರುವಾಗ ಎತ್ತಲು ಕಂಪನಿ ಕೊಟ್ಟ ಕಂಟ್ರೋಲ್ ಬಿಡದಿದ್ದರೆ ಡ್ರೈವರ್ ಏನು ಮಾಡಬೇಕು? ಗ್ಯಾರೇಜಿಗೆ ಬರುತ್ತಾನೆ.

ಅಲ್ಲಿ ನಡೆಯುವುದನ್ನು ಹೇಳುತ್ತೇನೆ. ಬ್ರೇಕ್ ಟ್ಯಾಂಕಿನಿಂದ ಹೊರಡುವ ಪೈಪಿಗೆ ಒಂದು ‘ಟೀ’ ಹಾಕುತ್ತಾರೆ. ಅಲ್ಲಿಂದ ತೆಳ್ಳನೆಯ ಪ್ಲಾಸ್ಟಿಕ್ ಪೈಪೊಂದನ್ನು ಚಾಸಿಗುಂಟ ಎಳೆದು, ಬೈಂಡಿಂಗ್ ವೈರಿನಲ್ಲಿ ಬಿಗಿದು, ಡ್ರೈವರ್ ಸೀಟಿನ ಪಕ್ಕ ಒಂದು ಕಾಕ್ ಕೂರಿಸುತ್ತಾರೆ. ಇನ್ನೊಂದು ಪೈಪು ಅಲ್ಲಿಂದ ನೇರ ಬಲೂನಿಗೆ. ಕಂಪನಿ ಅಳವಡಿಸಿದ ಪ್ರೊಟೆಕ್ಷನ್ ವಾಲ್ವ್ ಈ ದಾರಿಯಲ್ಲಿ ಬರುವುದೇ ಇಲ್ಲ. ಆ ವಾಲ್ವ್ ಇರುವುದೇ ಬಲೂನು ಒಡೆದರೂ ಬ್ರೇಕಿನ ಗಾಳಿ ಒಂದು ಮಟ್ಟದಿಂದ ಕೆಳಗೆ ಹೋಗದಂತೆ ತಡೆಯುವುದಕ್ಕೆ. ಅದಿಲ್ಲದ ಮೇಲೆ ಪ್ರೊಪೆಲ್ಲರ್ ಶಾಫ್ಟಿಗೆ ಪೈಪು ಉಜ್ಜಿ ಒಂದು ಸಣ್ಣ ತೂತು ಬಿದ್ದರೂ ಸಾಕು, ಸೋರುವುದು ಬ್ರೇಕಿನ ಗಾಳಿಯೇ. ಬಝರ್ ಕೂಗುತ್ತದೆ. ಗಾಳಿ ಇನ್ನೂ ಇಳಿದರೆ ಸ್ಪ್ರಿಂಗ್ ಬ್ರೇಕ್ ತಾನಾಗಿ ಹಿಡಿದುಕೊಳ್ಳುತ್ತದೆ, ಹಿಂದಿನ ಚಕ್ರಗಳು ಲಾಕ್ ಆಗುತ್ತವೆ. ಒದ್ದೆ ರಸ್ತೆಯ ತಿರುವಿನಲ್ಲಿ ಹೀಗಾದರೆ ಗಾಡಿ ಯಾವ ಕಡೆ ತಿರುಗಿ ನಿಲ್ಲುತ್ತದೆಂದು ಯಾರೂ ಹೇಳಲಾರರು.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು, ಸದ್ದೂ ಮಾಡುವುದಿಲ್ಲ. ಏರಿನಲ್ಲಿ ಎತ್ತಿದ ಆಕ್ಸಲನ್ನು ಇಳಿಸಲು ಎಷ್ಟೋ ಜನ ಮರೆಯುತ್ತಾರೆ. ಮರೆತಂತೆ ಇರುವವರೂ ಉಂಟು, ಟೈರು ಉಳಿಯುತ್ತದಲ್ಲ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಹಿಂದಿನ ಜೋಡಿ ಆಕ್ಸಲ್‌ನ ಮಿತಿಯನ್ನು 19ರಿಂದ 21 ಟನ್ನಿಗೆ ಏರಿಸಿತು. ಲಿಫ್ಟ್ ಆಕ್ಸಲ್ ಮೇಲಿದ್ದರೆ ಪೂರ್ತಿ ಲೋಡಿನ ಗಾಡಿ ಆ ಮಿತಿಯನ್ನೂ ದಾಟುತ್ತದೆ. ಅದಕ್ಕಿಂತ ಮುಖ್ಯವಾದ ಮಾತು, ನೆಲ ಮುಟ್ಟದ ಚಕ್ರ ಬ್ರೇಕ್ ಹಿಡಿಯಲಾರದು. ಆ ಆಕ್ಸಲ್‌ನ ಡ್ರಮ್ಮುಗಳು ತಣ್ಣಗಿರುತ್ತವೆ, ಅವುಗಳ ಕೆಲಸವೂ ಸೇರಿ ಉಳಿದ ಡ್ರಮ್ಮುಗಳು ಕಾಯುತ್ತವೆ. ಮಾರನಹಳ್ಳಿ ದಾಟಿ ಗುಂಡ್ಯದ ಕಡೆ ಇಳಿಯುವ ಗಾಡಿಯಿಂದ ಲೈನರ್ ಸುಟ್ಟ ವಾಸನೆ ಬಂದರೆ ನಾವು ಮೊದಲು ಬಗ್ಗಿ ನೋಡುವುದು ಲಿಫ್ಟ್ ಆಕ್ಸಲನ್ನೇ.

ಟಿಪ್ಪರ್‌ಗಳ ಮಾತೂ ಒಂದಿಷ್ಟು. ಹಿಂಬದಿಗೆ ಬಲೂನು ಹಾಕಿಸಿಕೊಳ್ಳುವವರು ಕಡಿಮೆ. ಹಾಕಿಸಿದವರಲ್ಲಿ ಕೆಲವರು ಖರ್ಚು ಉಳಿಸಲು ಎಡಬಲದ ಬಲೂನುಗಳನ್ನು ಒಂದೇ ಪೈಪಿನಲ್ಲಿ ಜೋಡಿಸುತ್ತಾರೆ. ಅಡ್ಡ ಇಳಿಜಾರಿನಲ್ಲಿ ಭಾರ ತಗ್ಗಿನ ಕಡೆ ವಾಲಿದಾಗ ಅಲ್ಲಿನ ಗಾಳಿ ಎತ್ತರದ ಕಡೆಗೆ ಓಡಿ ಗಾಡಿ ಇನ್ನಷ್ಟು ವಾಲುತ್ತದೆ. ತೊಟ್ಟಿ ಎತ್ತಿದಾಗ ಲೋಡಿನ ಗುರುತ್ವ ಕೇಂದ್ರ ನೆಲದಿಂದ 3 ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. ಬರೀ 5 ಡಿಗ್ರಿ ವಾಲಿದರೂ ಅದು ಸುಮಾರು 26 ಸೆಂಟಿಮೀಟರ್ ಪಕ್ಕಕ್ಕೆ ಸರಿಯುತ್ತದೆ, ಬಲೂನು ಕುಸಿದಷ್ಟೂ ಇನ್ನೂ ಸರಿಯುತ್ತದೆ. ಎರಡೂ ಕಡೆಗೆ ಬೇರೆ ಬೇರೆ ಲೆವೆಲಿಂಗ್ ವಾಲ್ವ್ ಹಾಕಿಸಬೇಕು, ತೊಟ್ಟಿ ಎತ್ತುವ ಮೊದಲು ಬಲೂನಿನ ಗಾಳಿ ಪೂರ್ತಿ ಬಿಡಬೇಕು. ಅಡ್ಡ ಇಳಿಜಾರಿನಲ್ಲಿ ತೊಟ್ಟಿ ಎತ್ತಲೇಬಾರದು.

ಕಾನೂನು ಇಲ್ಲವೇ ಎಂದು ತಾವು ಕೇಳಬಹುದು. ಇದೆ, ಗಟ್ಟಿಯಾಗಿಯೇ ಇದೆ. ಗಾಡಿಯ ಬದಲಾವಣೆಗೆ ಕಡಿವಾಣ ಹಾಕುವ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೇ ವರ್ಷದ ತಿದ್ದುಪಡಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡನ್ನೂ ವಿಧಿಸಿದೆ. ಆ ದಂಡದಲ್ಲಿ ಲಾರಿಯ ಒಂದು ಹೊಸ ಟೈರೂ ಬರುವುದಿಲ್ಲ. ಎಫ್‌ಸಿಯ ಹಿಂದಿನ ದಿನ ಕಾಕ್ ಬಿಚ್ಚಿ ಪೈಪಿನ ಬಾಯಿ ಮುಚ್ಚುತ್ತಾರೆ, ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ಮತ್ತೆ ಹಾಕುತ್ತಾರೆ. ನಾನು ಒಲ್ಲೆ ಎಂದರೆ ಗಿರಾಕಿ ಪಕ್ಕದ ಶೆಡ್ಡಿಗೆ ಹೋಗುತ್ತಾನೆ. ಅನುಮತಿ ಕೇಳಿ ಸರಿಯಾಗಿ ಮಾಡಿಸಿಕೊಳ್ಳುವ ಬಾಗಿಲೇ ಇಲ್ಲದಿರುವಾಗ ಬರೀ ನಿಷೇಧದಿಂದ ಆಗುವುದು ಇಷ್ಟೇ.

ಬಾಗಿಲು ತೆರೆಯುವುದು ಅಸಾಧ್ಯವಲ್ಲ. ಯುರೋಪಿನ ನಿಯಮಗಳಲ್ಲಿ ಹೀಗೆ ಆಕ್ಸಲ್ ಎತ್ತಿ ಹಿಡಿತ ಪಡೆಯಲು ಅವಕಾಶವಿದೆ. ಉಳಿದ ಆಕ್ಸಲ್‌ಗಳ ಭಾರ ಮಿತಿಗಿಂತ ಶೇ 30ರಷ್ಟು ಹೆಚ್ಚಬಹುದು, ಆದರೆ ತಯಾರಕರು ಹೇಳಿದ್ದನ್ನು ಮೀರಬಾರದು. ವೇಗ ಗಂಟೆಗೆ 30 ಕಿ.ಮೀ. ದಾಟುವ ಮೊದಲೇ ಆಕ್ಸಲ್ ತಾನಾಗಿ ಇಳಿಯಬೇಕು. ಮರೆಯುವ ಮಾತೇ ಇಲ್ಲ. ನಮ್ಮಲ್ಲೂ ಸಿಎನ್‌ಜಿ ಕಿಟ್‌ಗಳನ್ನು ಪರೀಕ್ಷಿಸಿ, ಅನುಮೋದಿಸಿ, ಆರ್‌ಸಿಯಲ್ಲಿ ನಮೂದಿಸುವ ಪದ್ಧತಿ ಇದ್ದೇ ಇದೆ. ಪುಣೆಯ ಎಆರ್‌ಎಐನಂಥ ಸಂಸ್ಥೆ ಪರೀಕ್ಷಿಸಿದ, ಪ್ರೊಟೆಕ್ಷನ್ ವಾಲ್ವ್ ಸಮೇತದ ಕಿಟ್ ಒಂದಕ್ಕೆ ಅದೇ ದಾರಿ ಮಾಡಿಕೊಡಿ ಎಂದು ಕೇಂದ್ರಕ್ಕೆ ತಾವು ಬರೆಯಬೇಕು. ಮಲೆನಾಡಿನ ಘಾಟಿಗಳಿರುವ ರಾಜ್ಯವೇ ಕೇಳದಿದ್ದರೆ ಇನ್ನಾರು ಕೇಳಬೇಕು?

ದೆಹಲಿಯ ಉತ್ತರಕ್ಕೆ ಕಾಯದೆ ತಾವೇ ಮಾಡಬಹುದಾದ್ದೂ ಇದೆ. ಎಫ್‌ಸಿ ವೇಳೆಯಷ್ಟೇ ಅಲ್ಲ, ರಸ್ತೆಯಲ್ಲಿ ದಿಢೀರ್ ತಪಾಸಣೆ ಮಾಡುವಾಗಲೂ ಚಕ್ರಕ್ಕೆ ಅಡ್ಡಗಟ್ಟೆ ಕೊಟ್ಟು, ಎಂಜಿನ್ ನಿಲ್ಲಿಸಿ, ಬಲೂನಿಗೆ ಹೋಗುವ ಪೈಪನ್ನು ಸಡಿಲಿಸಿ ಬ್ರೇಕ್ ಗೇಜ್ ನೋಡಲಿ. ಮುಳ್ಳು ಇಳಿಯುತ್ತ ಬಂದು ಕೆಂಪಿಗೆ ಮೊದಲೇ ನಿಂತರೆ ವಾಲ್ವ್ ಕೆಲಸ ಮಾಡುತ್ತಿದೆ. ನಿಲ್ಲದೆ ಕೆಂಪಿಗೆ ಹೋದರೆ ಗಾಡಿಯನ್ನು ಮುಂದೆ ಬಿಡಬೇಡಿ. ಇದಕ್ಕೆ ಯಂತ್ರವೂ ಬೇಡ, ದುಡ್ಡೂ ಬೇಡ. ಹಾಗೆಯೇ ದೋಣಿಗಾಲ್ ಹತ್ತಿರ ಸಿಬ್ಬಂದಿ ನಿಲ್ಲಿಸಿ, ಲೋಡ್ ಇದ್ದೂ ಆಕ್ಸಲ್ ಮೇಲಿರುವ ಗಾಡಿಗಳನ್ನು ಘಾಟಿ ಇಳಿಯುವ ಮೊದಲೇ ತಡೆಯಿರಿ. ಎಲ್ಲ ಆರ್‌ಟಿಒಗಳಿಗೆ ಈ ಕುರಿತ ಸುತ್ತೋಲೆಯೊಂದು ಮುಂಗಾರಿಗೆ ಮೊದಲು ಹೋಗಲಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಏರ್ ಬ್ರೇಕ್ ಮೆಕ್ಯಾನಿಕ್
ಸಕಲೇಶಪುರ