ವಿನೋದವನಕ್ಕೆ ಮಕ್ಕಳನ್ನು ಎಂದು ಕರೆದೊಯ್ಯಬೇಕು?

ಶಾಲೆಗಳಿಗೆ ಬೇಸಿಗೆಯ ರಜೆ ಬಂದಿತೆಂದರೆ ಜಮಖಂಡಿಯ ನಮ್ಮ ಮನೆಯ ಕಟ್ಟೆಯು ಒಂದು ಸಣ್ಣ ನ್ಯಾಯಸ್ಥಾನವಾಗುವದು. 35 ವರ್ಷ ಹುಡುಗರಿಗೆ ಪಾಠ ಹೇಳಿದವರಿಗೆ ಹುಡುಗರ ಸಂಗತಿಯೆಲ್ಲ ತಿಳಿದಿರಬೇಕೆಂದು ಜನರು ಭಾವಿಸುತ್ತಾರೆ. ಆ ಭಾವನೆಯು ಎಷ್ಟರ ಮಟ್ಟಿಗೆ ತಪ್ಪೆಂಬದನ್ನು ವಾಚಕರು ಈ ಲೇಖನದಲ್ಲಿಯೇ ಕಾಣುವರು. ಕಳೆದ ವಾರ ಬನಹಟ್ಟಿಯಿಂದ ನಮ್ಮ ಹಳೆಯ ಶಿಷ್ಯನೊಬ್ಬನು ತನ್ನ ಇಬ್ಬರು ಮಕ್ಕಳೊಡನೆ ಬಂದನು. ಮನೆಯಲ್ಲಿ ನಾಲ್ಕು ಮಗ್ಗಗಳನ್ನಿಟ್ಟುಕೊಂಡು ಮರ್ಯಾದೆಯಿಂದ ಸಂಸಾರ ನಡೆಸುವ ಗೃಹಸ್ಥನವನು. ಹಿರಿಯವಳು ಹತ್ತು ವರ್ಷದ ಹುಡುಗಿ. ಕಿರಿಯವನಿಗೆ ಈಗ ನಾಲ್ಕು ತುಂಬಿವೆ.

"ಸರ, ಬೆಂಗಳೂರಾಗಿನ ವಂಡರ್‌ಲಾಕ್ಕ ಹೋಗೂಣು ಅಂತ ಇಬ್ಬರೂ ಜೀವಾ ತಿನ್ನಾಕತ್ತಾರ್ರಿ. ಹುಡುಗಿದೇನೋ ಆತು, ಈ ಸಣ್ಣಾಂವಗ ವಯಸ್ಸಾಗೇತೋ ಇಲ್ಲೋ, ನೀವ ಹೇಳ್ರಿ" ಎಂದು ಕೇಳಿದನು.

ಪ್ರಶ್ನೆಯು ಸಣ್ಣದಾಗಿ ಕಂಡರೂ ಇಂದು ಮುಧೋಳ, ಬೀಳಗಿ, ರಬಕವಿಗಳ ಅನೇಕ ಮನೆಗಳಲ್ಲಿ ಇದೇ ಪ್ರಶ್ನೆಯು ಎದ್ದಿರುವದರಿಂದ, ಆ ಶಿಷ್ಯನಿಗೆ ಕೊಟ್ಟ ಉತ್ತರವನ್ನು ಈ ಸದರಿನಲ್ಲಿ ಎಲ್ಲ ತಾಯ್ತಂದೆಗಳ ಮುಂದಿಡುವದು ಯುಕ್ತವೆಂದು ತೋರಿತು.

ವಿನೋದವನವು ನಮಗೆ ಪೂರ್ತಿಯಾಗಿ ಹೊಸ ಪದಾರ್ಥವಲ್ಲ. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿಯ ಜಾತ್ರೆಯಲ್ಲಿ ತಿರುಗುವ ತೊಟ್ಟಿಲು, ಕುದುರೆಯ ಗಾಲಿ, ನಾಟಕದ ಕಂಪನಿ, ಬೆಂಡು ಬೆತ್ತಾಸು ಎಲ್ಲವೂ ಉಂಟು. ಭೇದವಿಷ್ಟೆ: ಜಾತ್ರೆಯು ದೇವಿಯ ನಿಮಿತ್ತ ಕೂಡಿ ಕೆಲವು ದಿನಗಳಲ್ಲಿ ಚದುರುವದು, ವಿನೋದವನವು ಗೋಡೆ ಕಟ್ಟಿ, ಬಾಗಿಲಲ್ಲಿ ಹಣ ಪಡೆದು, ವರ್ಷವಿಡೀ ನಡೆಯುವದು. ಅಮೇರಿಕೆಯ ವಾಲ್ಟ್ ಡಿಸ್ನಿಯವರು 1955ರ ಜುಲೈ 17ರಂದು ಕ್ಯಾಲಿಫೋರ್ನಿಯದಲ್ಲಿ ಡಿಸ್ನಿಲ್ಯಾಂಡನ್ನು ತೆರೆದರು. ತಮ್ಮ ಹೆಣ್ಣುಮಕ್ಕಳು ಉದ್ಯಾನದಲ್ಲಿ ತಿರುಗುವ ಕುದುರೆಗಳ ಮೇಲೆ ಕುಳಿತಿರುವಾಗ ತಾವು ಬೆಂಚಿನ ಮೇಲೆ ಸುಮ್ಮನೆ ಕೂಡಬೇಕಾಗುತ್ತಿದ್ದುದರಿಂದ, ಹಿರಿಯರೂ ಮಕ್ಕಳೂ ಕೂಡಿಯೇ ನಲಿಯುವ ಒಂದು ಸ್ಥಳವಿರಬೇಕೆಂಬ ಆಲೋಚನೆ ತಮಗೆ ಹೊಳೆಯಿತೆಂದು ಅವರು ಹೇಳಿದ್ದುಂಟು. ನಮ್ಮ ದೇಶದಲ್ಲಿ ದಿಲ್ಲಿಯ ಅಪ್ಪು ಘರ್ 1984ರಲ್ಲಿ ತೆರೆದು 2008ರಲ್ಲಿ ಮುಚ್ಚಿತು. ಬಿಡದಿಯ ಸಮೀಪದ ವಂಡರ್‌ಲಾ 2005ರಲ್ಲಿ ಆರಂಭವಾಯಿತು. ಜಮಖಂಡಿಯಿಂದ ಅಲ್ಲಿಗೆ ಸುಮಾರು 500 ಕಿಲೋಮೀಟರು. ಅಂದರೆ ಬಸ್ಸಿನಲ್ಲಿ ಒಂದು ಇಡೀ ರಾತ್ರಿಯ ದಾರಿ.

ಇನ್ನು ವಯಸ್ಸಿನ ವಿಚಾರ. ಇಂಥ ವನಗಳ ಬಾಗಿಲಲ್ಲಿ ಮಗುವಿನ ವಯಸ್ಸನ್ನು ಕೇಳುವದಕ್ಕಿಂತ ಎತ್ತರವನ್ನು ಅಳೆಯುವ ರೂಢಿಯೇ ಹೆಚ್ಚು. ಟಿಕೇಟಿನ ದರವೂ, ಯಾವ ಆಟಕ್ಕೆ ಯಾರನ್ನು ಬಿಡಬೇಕೆಂಬದೂ ಬಹುಮಟ್ಟಿಗೆ ಅಳತೆಗೋಲಿನಿಂದಲೇ ತೀರ್ಮಾನವಾಗುವವು. ಇದರಲ್ಲಿ ಅರ್ಥವಿದೆ. ವೇಗದಿಂದ ತಿರುಗುವ ಆಸನದಲ್ಲಿ ಮೈಯನ್ನು ಹಿಡಿದಿಡುವ ಅಡ್ಡಪಟ್ಟಿಯು ದೊಡ್ಡ ಮೈಗೆ ಮಾಡಿದ್ದು. ಸಣ್ಣ ಮೈಯು ಅದರ ಕೆಳಗಿನಿಂದ ಜಾರೀತು. ಆದುದರಿಂದ ಭಾರೀ ಆಟಗಳಿಗೆ ಸಾಮಾನ್ಯವಾಗಿ 120ರಿಂದ 140 ಸೆಂಟಿಮೀಟರು ಎತ್ತರ ಬೇಕಾಗುವದು. ನಾಲ್ಕು ವರ್ಷದ ಹುಡುಗನು 100 ಸೆಂಟಿಮೀಟರಿನ ಆಚೀಚೆ ಇರುವನು. ಅವನನ್ನು ಕರೆದೊಯ್ದ ತಾಯ್ತಂದೆಗಳು ಅಷ್ಟು ದೂರ ಹೋಗಿ, ಹೆಚ್ಚಿನ ಆಟಗಳನ್ನು ಹೊರಗೆ ನಿಂತು ತೋರಿಸಬೇಕಾಗುವದು. ಮನೆಯ ಬಾಗಿಲ ಚೌಕಟ್ಟಿನ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು ನೋಡಿದರೆ ಅರ್ಧ ನಿರ್ಣಯವು ಮನೆಯಲ್ಲಿಯೇ ಆಗಿಹೋಗುವದು.

ಆದರೆ ಅರ್ಧ ನಿರ್ಣಯ ಮಾತ್ರ. ಆ ಕೋಲು ಮೈಯನ್ನು ಅಳೆಯುವದಲ್ಲದೆ ಮನಸ್ಸನ್ನು ಅಳೆಯದು. ಇದನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ; ನಮ್ಮ ತಪ್ಪಿನಿಂದ ಕಲಿತೆವು.

ಮೂರು ವರ್ಷದ ಹಿಂದೆ ಇಂಥದೇ ಒಂದು ವನಕ್ಕೆ ಮಗ, ಸೊಸೆ, ಮೊಮ್ಮಗನೊಡನೆ ನಾವೂ ಹೋಗಿದ್ದೆವು. ಮೊಮ್ಮಗನಿಗೆ ಆಗ ಆರು ವರ್ಷ. ವಯಸ್ಸಿಗಿಂತ ಎತ್ತರವಾಗಿ ಬೆಳೆದವನು. ಅಳತೆಗೋಲಿನಲ್ಲಿ ತೇರ್ಗಡೆಯಾದನು. ನೀರಿನೊಡನೆ ಮೇಲಿಂದ ಜಾರಿ ಬರುವ ಒಂದು ಕೊಳವೆಯ ಮೆಟ್ಟಿಲುಗಳ ಹತ್ತಿರ ಅವನು ನಮ್ಮ ಧೋತರದ ಚುಂಗನ್ನು ಹಿಡಿದು, "ಅಜ್ಜಾ, ನಾ ಒಲ್ಲೆ" ಎಂದನು. ನಾವು, "ಗಂಡಸಮಗಾ ಆಗಿ ಅಂಜತೀಯೇನೋ? ಇಷ್ಟು ರೊಕ್ಕಾ ಕೊಟ್ಟು ಬಂದೇವಿ" ಎಂದು ಗದರಿಸಿದೆವು. ಹಿರಿಯರ ಮಾತೆಂದು ಮಗನೂ ಸೊಸೆಯೂ ಸುಮ್ಮನಿದ್ದರು. ಹುಡುಗನು ಮರುಮಾತಾಡದೆ ಮೆಟ್ಟಿಲನ್ನೇರಿದನು. ಕೆಳಗೆ ಬಂದಾಗ ಒಂದಿಷ್ಟು ನೀರು ಕುಡಿದಿದ್ದನು, ಕೆಮ್ಮಿದನು. ಗಾಯವೇನೂ ಆಗಲಿಲ್ಲ, ಅಳಲೂ ಇಲ್ಲ. ಎಲ್ಲವೂ ಸುಸೂತ್ರವಾಯಿತೆಂದೇ ನಾವು ಎಣಿಸಿದೆವು.

ಮುಂದಿನ ಸಂಕ್ರಾಂತಿಗೆ ಪದ್ಧತಿಯಂತೆ ಕೃಷ್ಣೆಗೆ ಹೋದೆವು. ಪ್ರತಿವರ್ಷವೂ ನೀರು ಬಿಟ್ಟು ಮೇಲೆ ಬಾರದ ಹುಡುಗನು ಆ ವರ್ಷ ದಂಡೆಯಲ್ಲಿಯೇ ನಿಂತನು. ತಾಯಿ ಎರಡು ಚೊಂಬು ನೀರು ತಂದು ತಲೆಗೆ ಹೊಯ್ಯಬೇಕಾಯಿತು. ಅದರ ಮರುವರ್ಷವೂ ಹಾಗೆಯೇ. ಮನೆಯಲ್ಲಿ ಯಾರೂ ನಮ್ಮೆದುರು ಈ ಮಾತನ್ನು ಎತ್ತಲಿಲ್ಲ. ಅವರು ಎತ್ತದ್ದರಿಂದಲೇ ನಾವಾಗಿ ಇಲ್ಲಿ ಎತ್ತಿದ್ದೇವೆ. ಸಾವಿರಾರು ಹುಡುಗರ ಅಂಜಿಕೆಯನ್ನು ಮುಖದಲ್ಲಿಯೇ ಗುರುತಿಸಿದೆವೆಂದು ಹೆಮ್ಮೆಪಡುತ್ತಿದ್ದ ನಾವು, ನಮ್ಮ ಮೊಮ್ಮಗನು ಬಾಯಿಬಿಟ್ಟು ಹೇಳಿದರೂ ಕೇಳಲಿಲ್ಲ.

ಆದುದರಿಂದ ಯೋಗ್ಯವಾದ ವಯಸ್ಸಿಗೆ ನಾವು ಹೇಳುವ ಮೊದಲನೆಯ ಲಕ್ಷಣವಿದು: ಮಗುವು "ಒಲ್ಲೆ" ಎಂದು ಸ್ಪಷ್ಟವಾಗಿ ಹೇಳಬಲ್ಲದಾಗಿರಬೇಕು, ಹಿರಿಯರು ಆ ಮಾತನ್ನು ಕೇಳಬಲ್ಲವರಾಗಿರಬೇಕು. ಈ ಎರಡರಲ್ಲಿ ಒಂದು ಇರದಿದ್ದರೂ ಆ ಕುಟುಂಬಕ್ಕೆ ಇನ್ನೂ ವಯಸ್ಸಾಗಿಲ್ಲವೆಂದೇ ತಿಳಿಯತಕ್ಕದ್ದು.

ಎರಡನೆಯದು ಶರೀರದ ಸಿದ್ಧತೆ. ರಾತ್ರಿಯೆಲ್ಲ ಬಸ್ಸಿನಲ್ಲಿ ಬಂದು, ಹಗಲೆಲ್ಲ ನಡೆದು, ಸಿಕ್ಕಿದ್ದನ್ನು ಉಂಡು, ಬೇಕಾದಾಗ ಒಂದಕ್ಕೆ ಎರಡಕ್ಕೆ ಹೇಳುವ ಶಕ್ತಿ ಬೇಕು. ಎರಡು ವರ್ಷದೊಳಗಿನ ಕೂಸುಗಳಿಗೆ ಪ್ರಯಾಣದ ವಾಂತಿಯು ವಿರಳ. ಅಲ್ಲಿಂದ ಹನ್ನೆರಡರ ವರೆಗೆ ಅದರ ಕಾಟವು ಹೆಚ್ಚು. ಬಸ್ಸಿನಲ್ಲಿಯೇ ತಲೆ ತಿರುಗುವ ಮಗುವನ್ನು ತಿರುಗುವ ಯಂತ್ರದಲ್ಲಿ ಕೂಡ್ರಿಸುವದು ವಿವೇಕವಲ್ಲ. ನೀರಿನ ಆಟಗಳಲ್ಲಂತೂ, ಸಣ್ಣ ಮಗುವು ಮೊಣಕಾಲುದ್ದದ ನೀರಿನಲ್ಲಿಯೂ ಸದ್ದಿಲ್ಲದೆ ಮುಳುಗಬಹುದೆಂಬದನ್ನು ತಾಯ್ತಂದೆಗಳು ಎಂದಿಗೂ ಮರೆಯಕೂಡದು. ಕಾವಲುಗಾರನಿದ್ದರೂ ಮಗುವು ಕೈಯಳತೆಯಲ್ಲಿಯೇ ಇರಬೇಕು.

ಮೂರನೆಯದು ತಾಳ್ಮೆ. ರಜೆಯ ದಿನಗಳಲ್ಲಿ ಒಂದೊಂದು ಆಟಕ್ಕೂ ಸಾಲಿನಲ್ಲಿ ಬಹಳ ಹೊತ್ತು ನಿಲ್ಲಬೇಕಾಗುವದು. "ನಮ್ಮ ಪಾಳಿ ಇನ್ನೂ ಬಂದಿಲ್ಲ" ಎಂಬ ಮಾತಿನ ಅರ್ಥವನ್ನು ಅರಿಯದ ಮಗುವಿಗೆ ಅಲ್ಲಿಯ ಹಗಲು ಶಿಕ್ಷೆಯೇ ಸರಿ. ನಾಲ್ಕನೆಯದು ನೆನಪು. ಬೆಳೆದವರಲ್ಲಿ ಮೂರು ಮೂರೂವರೆ ವರ್ಷದೊಳಗಿನ ಸಂಗತಿಗಳು ನೆನಪಿನಲ್ಲಿ ಉಳಿದಿರುವದು ಅಪರೂಪ. ಕೂಸು ನಲಿಯಬಾರದೆಂದು ಇದರರ್ಥವಲ್ಲ. ಅದು ನಲಿಯುವದಕ್ಕೆ ಮನೆಯ ಮುಂದಿನ ಉಸುಕಿನ ರಾಶಿಯೇ ಸಾಕು, ಐದುನೂರು ಕಿಲೋಮೀಟರು ಬೇಡವೆಂದಿಷ್ಟೇ ಅರ್ಥ.

ನಮ್ಮ ಪೂರ್ವಿಕರು ಬಾಲ್ಯವನ್ನು ಮೂರು ಭಾಗ ಮಾಡಿದ್ದರು: ಐದರ ವರೆಗೆ ಕೌಮಾರ, ಹತ್ತರ ವರೆಗೆ ಪೌಗಂಡ, ಹದಿನೈದರ ವರೆಗೆ ಕೈಶೋರ. ಈ ವಿಭಾಗವು ಪ್ರವಾಸಕ್ಕೂ ಚೆನ್ನಾಗಿ ಒಪ್ಪುವದು.

ಕೌಮಾರದ ಮಕ್ಕಳಿಗೆ ಒಂದು ಹಗಲಿನಲ್ಲಿ ಹೋಗಿ ಬರುವ ಸ್ಥಳವೇ ಸಾಕು. ಆಲಮಟ್ಟಿಯ ಉದ್ಯಾನಗಳು, ಕಲ್ಲಿನ ತೋಟ, ಸಂಜೆಯ ಸಂಗೀತ ಕಾರಂಜಿ ನಮ್ಮವರಿಗೆ ಹತ್ತಿರ. 1964ರಲ್ಲಿ ಲಾಲ್ ಬಹಾದುರ ಶಾಸ್ತ್ರಿಗಳು ಅಡಿಗಲ್ಲನ್ನಿಟ್ಟ ಆ ಆಣೆಕಟ್ಟಿನ ಹಿನ್ನೀರಿನಲ್ಲಿ ಬೀಳಗಿ ತಾಲೂಕಿನ ಎಷ್ಟೋ ಹೊಲಮನೆಗಳು ಮುಳುಗಿವೆ. ಕೂಸು ಕಾರಂಜಿಯನ್ನು ನೋಡಲಿ. ದೊಡ್ಡ ಮಕ್ಕಳಿಗೆ ಅಜ್ಜನು ನೀರಿನತ್ತ ಕೈಮಾಡಿ, "ಅಲ್ಲಿ ನಮ್ಮ ಮನೀ ಇತ್ತು" ಎಂದು ತೋರಿಸಲಿ.

ಪೌಗಂಡದ ಮಕ್ಕಳಿಗೆ ಒಂದು ರಾತ್ರಿ ಮನೆ ಬಿಟ್ಟಿರುವ ಅಭ್ಯಾಸವಾಗಬೇಕು. ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ದಿವಂಗತ ಕಲಾವಿದ ಟಿ. ಬಿ. ಸೊಲಬಕ್ಕನವರು ನಿರ್ಮಿಸಿದ ಉತ್ಸವ ರಾಕ್ ಗಾರ್ಡನ್ನಿನಲ್ಲಿಯೂ, ಕೊಲ್ಲಾಪುರದ ಹತ್ತಿರದ ಕಣೇರಿ ಮಠದ ಸಂಗ್ರಹಾಲಯದಲ್ಲಿಯೂ ಹಳ್ಳಿಯ ಬಾಳೇವೆಲ್ಲವೂ ಆಳೆತ್ತರದ ಮೂರ್ತಿಗಳಾಗಿ ನಿಂತಿದೆ. ಅಲ್ಲಿ ಹೆದರಿಸುವ ಯಂತ್ರವಿಲ್ಲ. ಮಕ್ಕಳು ಪ್ರಶ್ನೆ ಕೇಳುವರು, ಹಿರಿಯರಿಗೆ ಉತ್ತರ ಗೊತ್ತಿರುವದು. ಶಾಲೆಯ ಪ್ರವಾಸಗಳಲ್ಲಿ ನಾವು ಕಂಡ ಸಂಗತಿಯೊಂದುಂಟು. ಐದನೆಯ ಇಯತ್ತೆಯ ಹುಡುಗರು ವಿಜಾಪುರದ ಗೋಲಗುಮ್ಮಟದಲ್ಲಿ ಹಗಲೆಲ್ಲ ಕೂಗಿ ಕುಣಿದರೂ ರಾತ್ರಿ ಹಾಸಿಗೆಯಲ್ಲಿ ತಾಯಿಯನ್ನು ನೆನೆದು ಅಳುತ್ತಿದ್ದರು. ಏಳನೆಯ ಇಯತ್ತೆಯವರು ಅಳುವವರನ್ನು ಸಂತೈಸುತ್ತಿದ್ದರು. ಈ ಎರಡು ವರ್ಷಗಳ ಅಂತರದಲ್ಲಿಯೇ ನಾವು ಹುಡುಕುವ ವಯಸ್ಸು ಅಡಗಿದೆ.

ಕೈಶೋರದ ಹೊಸ್ತಿಲಲ್ಲಿ, ಅಂದರೆ ಹತ್ತು ಹನ್ನೊಂದರ ಸುಮಾರಿಗೆ, ದೊಡ್ಡ ವಿನೋದವನವು ಸಾರ್ಥಕ. ಮೈಯೂ ಬೆಳೆದಿರುವದು, ಬಾಯಿಯೂ ಬಂದಿರುವದು. ಆದರೆ ಹದಿನೈದರ ವರೆಗೆ ತಡೆಯಲೂಬಾರದು. ಆಗ ಅವರು ನಮ್ಮೊಡನೆ ಬರುವದನ್ನೇ ಒಲ್ಲೆನ್ನುವರು.

ಖರ್ಚಿನ ವಿಷಯದಲ್ಲಿ ಎರಡೇ ಮಾತು. ಸಾಲ ಮಾಡಿ ವಿನೋದಕ್ಕೆ ಹೋಗಬಾರದು. 2023ರ ಜೂನ್ 11ರಿಂದ ನಡೆದಿರುವ ಶಕ್ತಿ ಯೋಜನೆಯಿಂದ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನ ಪ್ರಯಾಣವು ಪುಕ್ಕಟೆಯಾಗಿದ್ದರೂ ಅದು ಮಲಗುವ ಬಸ್ಸುಗಳಿಗೆ ಅನ್ವಯಿಸದು. ಮತ್ತು ಮನೆಯ ರೊಟ್ಟಿಯ ಬುತ್ತಿಯನ್ನು ಒಳಗೆ ಬಿಡದಿರುವದು ಇಂಥ ಕಡೆಗಳ ಸಾಮಾನ್ಯ ನಿಯಮವಾದ್ದರಿಂದ ಊಟದ ಹಣವನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಸಣ್ಣವರ ಕಿಸೆಯಲ್ಲಿ ತಂದೆಯ ಫೋನ್ ನಂಬರಿನ ಚೀಟಿ ತಪ್ಪದೆ ಇರಲಿ.

ಇಷ್ಟನ್ನೂ ನಾವು ಶಿಷ್ಯನಿಗೆ ವಿವರಿಸಿದ ಮೇಲೆ ಅವನು, "ಹಂಗಾರ ಹುಡುಗ ದೊಡ್ಡಾಂವ ಆಗೂತನಕಾ ಇಬ್ಬರಿಗೂ ಬ್ಯಾಡ ಅಂತೀನ್ರಿ" ಎಂದನು. ಅಲ್ಲಿಯ ವರೆಗೆ ಸುಮ್ಮನೆ ಕುಳಿತಿದ್ದ ಹುಡುಗಿಯ ಮುಖವು ಇಳಿಯಿತು. ಅವಳನ್ನು ಯಾರೂ ಏನೂ ಕೇಳಿಯೇ ಇರಲಿಲ್ಲ. ನಾವು ಕೇಳಿದೆವು. ಅವಳು ತಲೆ ತಗ್ಗಿಸಿಕೊಂಡು, "ಜಾತ್ರ್ಯಾಗೂ ನಾನ ತಮ್ಮನ್ನ ಹಿಡಕೊಂಡು ಕುಂತಿದ್ದೆರೀ ಅಜ್ಜಾ. ತೊಟ್ಟಲಾ ಹತ್ತಲಿಲ್ಲ" ಎಂದಳು.

ಗೃಹಸ್ಥರೇ, ಗೃಹಿಣಿಯರೇ, ಈ ಮಾತನ್ನು ಸ್ವಲ್ಪ ವಿಚಾರಿಸಿರಿ. ಕಿರಿಯವನನ್ನು ಕರೆದೊಯ್ದರೂ, ಕರೆದೊಯ್ಯದಿದ್ದರೂ, ಅದರ ಬೆಲೆಯನ್ನು ತೆರುವವಳು ಹಿರಿಯ ಮಗಳೇ. ಕರೆದೊಯ್ದರೆ ಅವಳು ಅವನನ್ನು ಕಾಯುತ್ತ ಆಟ ಬಿಡಬೇಕು. ಬಿಟ್ಟರೆ ಅವನು ಬೆಳೆಯುವ ತನಕ ಕಾಯಬೇಕು. ಅಷ್ಟರಲ್ಲಿ ಅವಳ ಬಾಲ್ಯವೇ ಮುಗಿದಿರುವದು. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ಪಾಲಿಗೆ ಇಂಥ ಸರದಿ ಬಹಳ ಸಲ ತಪ್ಪಿದೆ.

ನಾವು ಶಿಷ್ಯನಿಗೆ ಹೇಳಿದ್ದಿಷ್ಟು: "ತಮ್ಮಾ, ಮಗಳಿಗೆ ವಯಸ್ಸಾಗೇದ. ಬರೂ ದಸರಾ ಸೂಟಿಯೊಳಗ ಅವಳನ್ನ ಕರಕೊಂಡು ನೀ ಹೋಗು. ಬೆಂಚಿನ ಮ್ಯಾಲ ಕೂಡಬ್ಯಾಡ, ಅವಳ ಜೋಡಿ ಆಡು. ಮಗನ್ನ ಈ ತಿಂಗಳ ತಾಯಿ ಜೋಡಿ ಆಲಮಟ್ಟಿಗೆ ಕರಕೊಂಡು ಹೋಗು. ಅಂವಾ ದೊಡ್ಡಾಂವ ಆದ ಮ್ಯಾಲ ನಾಲ್ಕೂ ಮಂದಿ ಕೂಡೇ ಹೋಗ್ರಿ. ನಿಮ್ಮ ಮನೀಯಾಕಿದೂ ಒಂದು ಪಾಳಿ ಐತಿ." ಅವನು ಒಪ್ಪಿದನು. ಹುಡುಗಿಯು ಹೋಗುವಾಗ ನಮ್ಮ ಬಾಗಿಲ ಚೌಕಟ್ಟಿಗೆ ಬೆನ್ನು ಹಚ್ಚಿ ನಿಂತು, ತಲೆಯ ಮೇಲೆ ಕೈಯಿಟ್ಟು, ತನ್ನ ಎತ್ತರವನ್ನು ತಾನೇ ಅಳೆದುಕೊಂಡಳು.

ನಮ್ಮ ಮೊಮ್ಮಗನ ಸಂಗತಿಯನ್ನು ಅರ್ಧಕ್ಕೆ ಬಿಟ್ಟಿದ್ದೇವೆ. ಈ ವರ್ಷದ ಸಂಕ್ರಾಂತಿಗೆ ಅವನನ್ನು ನೀರಿಗೆ ಯಾರೂ ಕರೆಯಲಿಲ್ಲ, ನಾವಂತೂ ಬಾಯಿ ತೆರೆಯಲೇ ಇಲ್ಲ. ಎಲ್ಲರೂ ಮಿಂದು ಬಂದು ಬುತ್ತಿ ಬಿಚ್ಚಿದ ಮೇಲೆ ಅವನು ತಾನಾಗಿ ಎದ್ದು ಹೋಗಿ ಮೊಣಕಾಲಿನ ವರೆಗೆ ನೀರಿನಲ್ಲಿ ನಿಂತನು. ಸ್ವಲ್ಪ ಹೊತ್ತಿನ ಮೇಲೆ ತಿರುಗಿ ನೋಡಿ, "ಅಜ್ಜಾ, ನೀನೂ ಬಾ" ಎಂದನು. ಒದ್ದೆಯ ಧೋತರವನ್ನು ಆಗಲೇ ಬದಲಿಸಿದ್ದೆವು. ಆದರೂ ಹೋದೆವು.

ಈ ವಿಷಯದಲ್ಲಿ ವಾಚಕರ ಅನುಭವವು ಬೇರೆಯಾಗಿದ್ದರೆ ಅವಶ್ಯವಾಗಿ ಬರೆದು ತಿಳಿಸಬೇಕೆಂದು ವಿಜ್ಞಾಪನೆ.