ಪೈನ್ ಮರದ ಕಾಂಡವು ಉಸಿರಾಡುವ ಬಗೆ

ಮರಗಳು ಉಸಿರಾಡುತ್ತವೆಂದು ಕೇಳಿದೊಡನೆ ನಮ್ಮೆಲ್ಲರ ದೃಷ್ಟಿಯೂ ಎಲೆಗಳ ಕಡೆಗೆ ಹೊರಳುವುದು. ಕಾಂಡವೆಂದರೆ ಎಲೆಗಳನ್ನು ಎತ್ತಿ ಹಿಡಿದ ಕಂಬವೆಂದು ಬಗೆದು ಸುಮ್ಮನಾಗುತ್ತೇವೆ. ಆದರೆ ಕಾಂಡವೂ ಹಗಲಿರುಳೂ ಉಸಿರಾಡುತ್ತದೆ. ಎಲೆಗಳು ಬಿಸಿಲಿನಲ್ಲಿ ಸಂಪಾದಿಸಿದ ಸಕ್ಕರೆಯನ್ನು ಪ್ರಾಣವಾಯುವಿನ ಸಹಾಯದಿಂದ ವೆಚ್ಚಮಾಡಿ, ಅಂಗಾರಾಮ್ಲ ವಾಯುವನ್ನು ತೊಗಟೆಯ ಮೂಲಕ ಹೊರಬಿಡುತ್ತದೆ. ಋತುವಿನೊಡನೆ ಈ ಉಸಿರು ಏರಿಳಿಯುವ ಪರಿಯನ್ನು ಪೈನ್ ಮರದಲ್ಲಿ ಚೆನ್ನಾಗಿ ಕಾಣಬಹುದು. ಹಿಮಾಲಯದಲ್ಲಿ ಬೆಳೆಯುವ, ಕಾಳಿದಾಸನ ಮೇಘದೂತದಲ್ಲಿ ಹೆಸರು ಬಂದಿರುವ ಸರಲ ವೃಕ್ಷವೂ ಈ ಕುಲದ್ದೇ. ನಾವಾದರೋ ಇಂದು ಬಹುದೂರದ ಫಿನ್ಲೆಂಡ್ ದೇಶದ ಪೈನ್ ಮರಗಳನ್ನು ಆರಿಸಿಕೊಂಡಿದ್ದೇವೆ. ಏಕೆಂದರೆ ಅಲ್ಲಿ ಚಳಿಗಾಲಕ್ಕೂ ಬೇಸಗೆಗೂ ಇರುವ ಅಂತರ ಬಹಳ ಹೆಚ್ಚು.

ಕಾಂಡದಲ್ಲಿ ಎಲ್ಲ ಭಾಗವೂ ಉಸಿರಾಡುವುದಿಲ್ಲ. ನಡುವಣ ಚೇಗಿನಲ್ಲಿ ಜೀವವಿಲ್ಲ. ಅದನ್ನು ಸುತ್ತಿ ನೀರನ್ನು ಮೇಲಕ್ಕೊಯ್ಯುವ ಬಿಳಿಯ ಭಾಗದಲ್ಲಿಯೂ ಬಹುಪಾಲು ನಿರ್ಜೀವವಾದ ಕೊಳವೆಗಳೇ. ನಡುನಡುವೆ ಹಾಯ್ದ ಸಣ್ಣ ಎಳೆಗಳಲ್ಲಿಯೂ ರಾಳದ ನಾಳಗಳ ಒಳಮೈಯಲ್ಲಿಯೂ ಮಾತ್ರ ಜೀವಕೋಶಗಳುಂಟು. ಜೀವವು ತುಂಬಿ ತುಳುಕುವುದು ಒಳತೊಗಟೆಯಲ್ಲಿ, ಮತ್ತು ತೊಗಟೆಗೂ ಮರಕ್ಕೂ ನಡುವೆ ಅತಿ ತೆಳುವಾಗಿ ಹಬ್ಬಿರುವ ಬೆಳವಣಿಗೆಯ ಪದರದಲ್ಲಿ. ಆದುದರಿಂದ ತೋಳಿಗೆ ತೆಕ್ಕೆಯಾಗದ ಮುದಿಮರವು ತನ್ನ ಗಾತ್ರಕ್ಕೆ ತಕ್ಕಷ್ಟು ಉಸಿರಾಡುವುದೆಂದು ಎಣಿಸಲಾಗದು.

ಸಂಸಾರವನ್ನು ನಡೆಸುವ ನಮ್ಮ ವಾಚಕಿಯರಿಗೆ ಇದರ ಲೆಕ್ಕವನ್ನು ತಿಳಿಯುವುದು ಕಷ್ಟವಲ್ಲ. ಅಕ್ಕಿ, ಬೇಳೆ, ಎಣ್ಣೆಗಳ ನಿತ್ಯದ ವೆಚ್ಚವೊಂದು. ಮನೆ ಕಟ್ಟಿಸುವಾಗ ಬರುವ ವೆಚ್ಚ ಮತ್ತೊಂದು. ಕಾಂಡಕ್ಕೂ ಹೀಗೆಯೇ. ಬದುಕಿರುವ ಕೋಶಗಳ ಪೋಷಣೆಗೆ ತಗಲುವ ವೆಚ್ಚವು ಉಷ್ಣಮಾನವನ್ನು ಅನುಸರಿಸುತ್ತದೆ; ಉಷ್ಣಮಾನವು 10 ಡಿಗ್ರಿ ಏರಿದರೆ ಅದು ಸುಮಾರು ಎರಡರಷ್ಟಾಗುವುದು. ಹೊಸ ಮರವನ್ನು ಕಟ್ಟುವ ವೆಚ್ಚವಾದರೋ ಬೆಳೆಯುವ ತಿಂಗಳುಗಳಲ್ಲಿ ಮಾತ್ರ. ಬೆಳವಣಿಗೆ ನಿಂತ ಮೇಲೆ ಅಳೆದರೆ ನಿತ್ಯದ ವೆಚ್ಚವಿಷ್ಟೆಂದು ತಿಳಿಯುತ್ತದೆ. ಅದನ್ನು ಬಿಸಿಲಿನ ಏರಿಕೆಗೆ ಸರಿಹೊಂದಿಸಿ ಬೇಸಗೆಯ ಒಟ್ಟು ವೆಚ್ಚದಿಂದ ಕಳೆದರೆ ಉಳಿಯುವುದೇ ಕಟ್ಟಡದ ವೆಚ್ಚ.

ಫಿನ್ಲೆಂಡಿನ ಹ್ಯೂಟಿಯಾಲ ಎಂಬಲ್ಲಿ 1962ರಲ್ಲಿ ಬೀಜ ಬಿತ್ತಿ ಬೆಳೆಸಿದ ಪೈನ್ ವನವೊಂದಿದೆ. ಹೆಲ್ಸಿಂಕಿ ವಿಶ್ವವಿದ್ಯಾನಿಲಯದವರು 1995ರಲ್ಲಿ ಅಲ್ಲಿ ಅಳತೆಯ ಕೇಂದ್ರವನ್ನು ಸ್ಥಾಪಿಸಿದರು. ಕಾಂಡದ ಉಸಿರನ್ನು ಅಳೆಯಲು ತೊಗಟೆಯ ಮೇಲೆ ಪುಟ್ಟ ಪೆಟ್ಟಿಗೆಯನ್ನು ಸಂದಿಲ್ಲದಂತೆ ಬಿಗಿದು, ಅದರೊಳಗಣ ಗಾಳಿಯಲ್ಲಿ ಅಂಗಾರಾಮ್ಲವು ಎಷ್ಟು ಹೆಚ್ಚಿತೆಂದು ನೋಡುವುದು ವಾಡಿಕೆ. ಅಂತಹ ಉತ್ತರದೇಶಗಳಲ್ಲಿ ನಡುಚಳಿಗಾಲದಲ್ಲಿ ಕಾಂಡವೇ ಹೆಪ್ಪುಗಟ್ಟುವುದು. ಆಗ ಉಸಿರು ಇದೆಯೋ ಇಲ್ಲವೋ ಎಂಬಷ್ಟು ಅಲ್ಪ. ಮೇ ತಿಂಗಳ ವೇಳೆಗೆ ಬೆಳವಣಿಗೆಯ ಪದರವು ಎಚ್ಚರಗೊಳ್ಳುತ್ತದೆ; ಜೂನ್ ಜುಲೈಗಳಲ್ಲಿ ಉಸಿರು ತನ್ನ ಮೇರೆಯನ್ನು ಮುಟ್ಟುತ್ತದೆ. ನಮಗೆ ಬಹು ಸ್ವಾರಸ್ಯವೆನಿಸಿದ ಸಂಗತಿಯೆಂದರೆ, ಜೂನಿನಲ್ಲಿ 10 ಡಿಗ್ರಿ ಇರುವ ದಿನದ ಉಸಿರಿಗೂ ಶರತ್ಕಾಲದಲ್ಲಿ ಅದೇ 10 ಡಿಗ್ರಿಯ ದಿನದ ಉಸಿರಿಗೂ ಸಾಮ್ಯವಿಲ್ಲ. ಎರಡನೆಯದು ಎಷ್ಟೋ ಕಡಿಮೆ. ಉಷ್ಣಮಾಪಕವೊಂದನ್ನೇ ನಂಬಿ ಲೆಕ್ಕ ಬರೆಯುವವನು ಇಲ್ಲಿ ಮೋಸಹೋಗುವನು.

ಯಂತ್ರಗಳನ್ನು ತುಂಬಿ ಕಳುಹಿಸುವ ಪೈನ್ ಹಲಗೆಯ ಪೆಟ್ಟಿಗೆಗಳನ್ನು ಅನೇಕರು ನೋಡಿರಬಹುದು. ಅವುಗಳ ಮೇಲೆ ತಿಳಿಬಣ್ಣದ ಪಟ್ಟಿಯ ಪಕ್ಕದಲ್ಲಿ ಕಂದುಬಣ್ಣದ ಗೆರೆ ಕಾಣುತ್ತದೆ. ತಿಳಿಯಾದುದು ವಸಂತದಲ್ಲಿ ಅವಸರದಿಂದ ಕಟ್ಟಿದ ತೆಳುಗೋಡೆಯ ಅಗಲವಾದ ಕೋಶಗಳು. ಕಂದಾದುದು ಬೇಸಗೆಯ ಕೊನೆಯ ದಪ್ಪಗೋಡೆಯವು. ಫ್ರಾನ್ಸಿನ ವೋಜ್ ಬೆಟ್ಟಗಳ ಪೈನ್ ಮೊದಲಾದ ಮರಗಳನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಕಾಂಡವು ದಪ್ಪವಾಗುವುದಕ್ಕೂ ಅದರಲ್ಲಿ ಮರದ ತೂಕ ಕೂಡುವುದಕ್ಕೂ ಒಂದು ತಿಂಗಳಿಗೂ ಮೀರಿದ ಅಂತರವಿದೆ. ಎಂದರೆ, ಹೊರಗಿನ ಸುತ್ತಳತೆ ನಿಂತ ಮೇಲೂ ಒಳಗೆ ಗಾರೆಯ ಕೆಲಸ ಸಾಗಿರುತ್ತದೆ. ಅದಕ್ಕೆ ಬೇಕಾದ ಉಸಿರೂ ಸಾಗಿರಬೇಕು.

ಅಳತೆಯಲ್ಲಿಯೂ ತೊಡಕುಂಟು. ಹೊರಗೆ ಮಧ್ಯಾಹ್ನದ ಬಿಸಿಲೇರಿದರೂ ಕಾಂಡದ ಒಳಗು ಬಿಸಿಯಾಗಲು ಕೆಲವು ಗಂಟೆಗಳು ಬೇಕು. ಅಲ್ಲದೆ, ಹುಟ್ಟಿದ ಅಂಗಾರಾಮ್ಲದಲ್ಲಿ ಒಂದು ಪಾಲು ಒಳಗಣ ನೀರಿನಲ್ಲಿ ಕರಗಿ, ಅದರೊಡನೆ ಮೇಲಕ್ಕೇರಿ, ಬೇರೆಡೆ ಹೊರಬೀಳುತ್ತದೆ. ಹಾಗಾಗಿ ಪೆಟ್ಟಿಗೆಗೆ ಸಿಕ್ಕಿದ್ದೆಲ್ಲ ಆ ಸ್ಥಳದ ಉಸಿರಲ್ಲ. ಸಿಕ್ಕದುದು ಇಲ್ಲವೆಂದೂ ಅಲ್ಲ.

ಈ ಲೆಕ್ಕದ ಗೊಡವೆ ನಮಗೇಕೆಂದು ಕೆಲವರು ಕೇಳಬಹುದು. ಭೂಮಿಯು ಕಾಯುತ್ತಿರುವ ಈ ಕಾಲದಲ್ಲಿ ಉತ್ತರದ ಅರಣ್ಯಗಳು ಅಂಗಾರಾಮ್ಲವನ್ನು ಹೀರಿಕೊಂಡು ಉಪಕರಿಸುವುವೆಂಬ ಭರವಸೆ ದೊಡ್ಡದು. ವಸಂತವು ಬೇಗ ಬಂದರೆ ಎಲೆಗಳ ಸಂಪಾದನೆ ಹೆಚ್ಚುವುದು ನಿಜ. ಆದರೆ ಶರತ್ಕಾಲವೂ ಬೆಚ್ಚಗಾದರೆ, ಸೂರ್ಯನು ತಗ್ಗಿ ಹಗಲು ಕುಗ್ಗಿರುವುದರಿಂದ ಆದಾಯವು ಅಷ್ಟಾಗಿ ಏರದು. ಮರ ಮಣ್ಣುಗಳ ಉಸಿರಿನ ವೆಚ್ಚ ಮಾತ್ರ ಏರುತ್ತದೆ. ವಸಂತದಲ್ಲಿ ಗಳಿಸಿದ ಹೆಚ್ಚಳದ ಬಹುಭಾಗವನ್ನು ಬೆಚ್ಚನೆಯ ಶರತ್ಕಾಲವು ಕಳೆದುಬಿಡಬಲ್ಲುದೆಂದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಆ ವೆಚ್ಚದಲ್ಲಿ ಮಣ್ಣಿನ ಪಾಲೆಷ್ಟು, ಕಾಂಡದ ಪಾಲೆಷ್ಟು ಎಂದು ಬೇರ್ಪಡಿಸಬೇಕಾದರೆ ಆ ಪುಟ್ಟ ಪೆಟ್ಟಿಗೆಗಳನ್ನು ಮರಕ್ಕೆ ಬಿಗಿದು, ಬೇಸಗೆ ಕಳೆದ ಮೇಲೂ ಬಿಚ್ಚದೆ ಇಟ್ಟಿರಬೇಕಾಗುತ್ತದೆ.