‘ಅಳಬೇಡಿ’ ಎನ್ನುವ ಮೊದಲು

ಸಾವಿನ ಮನೆಗೆ ಹೋದವರು ಏನಾದರೊಂದು ಹೇಳಲೇಬೇಕೆಂದು ಯಾರು ಕಟ್ಟಳೆ ಮಾಡಿದರೋ! ‘ಎಲ್ಲಾ ದೇವರ ಚಿತ್ತ’, ‘ಒಳ್ಳೆಯವರನ್ನು ದೇವರು ಬೇಗ ಕರೆಸಿಕೊಳ್ಳುತ್ತಾನೆ’, ‘ವಿಶ್ವಾಸಿಗಳು ಅಳಬಾರದು’. ನಮ್ಮ ಕ್ರೈಸ್ತರ ಮನೆಗಳಿಗೆ ಈ ಮಾತುಗಳು ಹೂವಿನ ಹಾರಕ್ಕಿಂತ ಮೊದಲೇ ಬಂದು ತಲುಪುತ್ತವೆ. ಹೇಳುವವರ ಮನಸ್ಸು ಕೆಟ್ಟದ್ದೇನಲ್ಲ. ಆದರೆ ಕೋವಿಡ್ ಎರಡನೇ ಅಲೆಯಲ್ಲಿ ಅಪ್ಪನನ್ನು ಕಳೆದುಕೊಂಡ ಗೆಳತಿಯೊಬ್ಬಳು, ‘ಎಲ್ಲರೂ ಸಮಾಧಾನ ಹೇಳಿದರು, ಅಪ್ಪನ ಬಗ್ಗೆ ಮಾತ್ರ ಯಾರೂ ಕೇಳಲಿಲ್ಲ ಕಣೇ’ ಎಂದಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ನಂಬಿಕೆ ಇದ್ದರೆ ದುಃಖ ಇರಬಾರದು ಎಂಬುದು ಬೈಬಲಿನಲ್ಲಂತೂ ಇಲ್ಲ. ಬೇಥಾನ್ಯದ ಲಾಜರನ ಕತೆ ನೋಡಿ. ಆತ ಸತ್ತು ನಾಲ್ಕು ದಿನವಾದ ಮೇಲೆ ಯೇಸು ಬರುತ್ತಾನೆ. ಮಾರ್ಥ, ಮರಿಯ ಇಬ್ಬರೂ, ನೀನು ಇಲ್ಲಿ ಇದ್ದಿದ್ದರೆ ಅಣ್ಣ ಉಳಿಯುತ್ತಿದ್ದ ಎಂದು ಮುಖಕ್ಕೇ ಹೇಳುತ್ತಾರೆ. ಆತ ಗದರುವುದಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಲಾಜರನನ್ನು ಎಬ್ಬಿಸಲಿರುವವನೇ ಅದಕ್ಕೂ ಮೊದಲು ಅಳುತ್ತಾನೆ! ಬಂಧನದ ರಾತ್ರಿ ಗೆತ್ಸೇಮನೆ ತೋಟದಲ್ಲಿ ಸ್ವತಃ ಕಳವಳಗೊಂಡು, ಎಚ್ಚರವಾಗಿ ಜೊತೆಗಿರಿ ಎಂದು ಶಿಷ್ಯರನ್ನು ಕೇಳಿಕೊಂಡ. ಅವರೋ, ನಿದ್ದೆ ಹೋದರು.

ಇನ್ನು 150 ಕೀರ್ತನೆಗಳಲ್ಲಿ ದೇವರ ಮುಂದೆ ಗೋಳಿಡುವವು, ಜಗಳಕ್ಕೇ ನಿಲ್ಲುವವು ಎಷ್ಟಿಲ್ಲ? 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ; ಕೊನೆಗೆಂದು ಒಂದು ಸಾಂತ್ವನದ ಸಾಲೂ ಇಲ್ಲ. ಅದನ್ನು ಯಾರೂ ಕಿತ್ತುಹಾಕಲಿಲ್ಲ, ಪ್ರಾರ್ಥನೆಯಾಗಿಯೇ ಉಳಿಸಿಕೊಂಡರು ಎಂಬುದು ನನಗೆ ದೊಡ್ಡ ವಿಷಯ.

ಹಾಗಾದರೆ ಭರವಸೆ ಎಲ್ಲಿದೆ? ನನಗೆ ನೆನಪಾಗುವುದು ಗ್ಲಾಡಿಸ್ ಸ್ಟೇನ್ಸ್. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ವಾಹನದೊಳಗೆ ಮಲಗಿದ್ದ ಅವರ ಪತಿ ಗ್ರಹಾಂ, ಮಕ್ಕಳಾದ 10 ವರ್ಷದ ಫಿಲಿಪ್, 6 ವರ್ಷದ ತಿಮೊತಿಯನ್ನು ಸುಟ್ಟು ಕೊಂದರು. ಆಕೆ ಕೊಂದವರನ್ನು ಕ್ಷಮಿಸಿದರು ಎಂಬುದನ್ನು ಪ್ರಸಂಗಗಳಲ್ಲಿ ಎಲ್ಲರೂ ಹೇಳುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸುವುದು ಅದರ ನಂತರದ್ದು. ಮಗಳು ಎಸ್ತರ್‌ಳನ್ನು ಕರೆದುಕೊಂಡು ತಕ್ಷಣ ಆಸ್ಟ್ರೇಲಿಯಾಕ್ಕೆ ಹೊರಟುಹೋಗಿದ್ದರೆ ಯಾರೂ ತಪ್ಪು ಎನ್ನುತ್ತಿರಲಿಲ್ಲ. ಆದರೆ 2004ರವರೆಗೂ ಬಾರಿಪದಾದಲ್ಲೇ ಉಳಿದು ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. ಅಷ್ಟು ವರ್ಷಗಳ ಬೆಳಗುಗಳಲ್ಲಿ ಎಷ್ಟು ಬೆಳಗು ಅತ್ತುಕೊಂಡೇ ಎದ್ದಿರಬಹುದು! ಎದ್ದರು, ಅಷ್ಟೆ.

ಪುನರುತ್ಥಾನದ ನಂಬಿಕೆ ನೋವಿನ ಮಾತ್ರೆಯಲ್ಲ. ಶುಭ ಶುಕ್ರವಾರಕ್ಕೂ ಈಸ್ಟರ್ ಭಾನುವಾರಕ್ಕೂ ನಡುವೆ ಒಂದು ಶನಿವಾರವಿದೆ. ಶಿಷ್ಯರಿಗೆ ಆ ದಿನ ಭಾನುವಾರದ ಸುದ್ದಿ ಗೊತ್ತಿರಲಿಲ್ಲ. ಅಮ್ಮನ ಸ್ಕ್ಯಾನಿಂಗ್ ರಿಪೋರ್ಟಿಗೆ ಕಾಯುವವರು, ಕೆಲಸ ಹೋದದ್ದನ್ನು ಮನೆಯಲ್ಲಿ ಹೇಳಲಾಗದವರು, ನಮ್ಮಲ್ಲಿ ಬಹಳ ಮಂದಿ ಇರುವುದು ಆ ಶನಿವಾರದಲ್ಲೇ. ಅವರಿಗೆ ಭಾನುವಾರದ ಪ್ರಸಂಗವನ್ನು ಅವಸರದಲ್ಲಿ ಒಪ್ಪಿಸಿ ಕೈತೊಳೆದುಕೊಳ್ಳುವುದು ಸುಲಭ.

ತಿಂಗಳ ಪೂಜೆ ಮುಗಿದ ಮೇಲೆ ಸಾವಿನ ಮನೆಗೆ ಹೆಚ್ಚಾಗಿ ಯಾರೂ ಬರುವುದಿಲ್ಲ. ಹೋಗುವುದಿದ್ದರೆ ಆಗ ಹೋಗಿ. ಊಟದ ಕ್ಯಾರಿಯರ್ ಒಯ್ಯಿರಿ, ಬ್ಯಾಂಕಿನ ಅರ್ಜಿ ತುಂಬಿಕೊಡಿ, ತೀರಿಕೊಂಡವರ ಹೆಸರು ಹಿಡಿದು ಮಾತಾಡಿ. ಅವರು ಅತ್ತರೆ ಅಳಲಿ.